ಕಟ್ಟಡದ ಜೊತೆಗೆ ಒಬ್ಬ ಹಿರಿಯರನ್ನೂ ಕೊಡಿ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಹಾಗೂ ಮಂಡಳಿಯ ಸದಸ್ಯರಿಗೆ, ಕೊಪ್ಪಳದಿಂದ ನಮಸ್ಕಾರಗಳು.

ಇತ್ತೀಚಿನ ವರ್ಷಗಳ ರಾಜ್ಯ ಬಜೆಟ್‌ನಲ್ಲಿ ನಿಮ್ಮ ಮಂಡಳಿಗೆ 5000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಶಿಕ್ಷಣಕ್ಕೆಂದೇ ‘ಅಕ್ಷರ ಆವಿಷ್ಕಾರ’ ಎಂಬ ಕಾರ್ಯಕ್ರಮವನ್ನೂ ನೀವು ರೂಪಿಸಿದ್ದೀರಿ. ತರಗತಿ ಕೋಣೆ, ಪ್ರಯೋಗಾಲಯ, ಕಾಂಪೌಂಡು, ಶೌಚಾಲಯ ಎಲ್ಲವೂ ಬೇಕು. ಸಾಕು ಎನ್ನುವಷ್ಟು ಅನುಕೂಲ ನಮ್ಮ ಕಡೆಯ ಕಾಲೇಜುಗಳಿಗೆ ಇನ್ನೂ ಬಂದಿಲ್ಲ. ಆದರೆ ನಾನು ಈ ಪತ್ರದಲ್ಲಿ ಕೇಳುತ್ತಿರುವುದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ, ಅದನ್ನು ಉದ್ಘಾಟಿಸಲೂ ಬರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಪದವಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಅವರವರ ಊರಿನಲ್ಲೇ ಒಬ್ಬ ಹಿರಿಯರು, ಕನಿಷ್ಠ ಒಂದು ಪೂರ್ತಿ ವರ್ಷ, ಹೆಸರು ಹಿಡಿದು ಕರೆಯುವಷ್ಟು ಹತ್ತಿರದಿಂದ ಸಿಗುವಂತೆ ಮಾಡಿ. ಅದಕ್ಕೆ ಬೇಕಾದ ಅಲ್ಪಸ್ವಲ್ಪ ಹಣವನ್ನು ನಿಮ್ಮ ಕ್ರಿಯಾ ಯೋಜನೆಯಲ್ಲಿ ಇಡಿ.

ನಾನು ಗ್ರಾಮೀಣ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಲಬುರ್ಗಾ, ಕುಷ್ಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಶಾಖೆಗಳಲ್ಲಿ ಕುಳಿತು ಸೇವಾವಧಿ ಮುಗಿಸಿದೆ. ಬ್ಯಾಂಕಿನ ಕೌಂಟರಿನ ಆಚೆ ನಿಂತ ವಿದ್ಯಾರ್ಥಿಯನ್ನು ನೋಡಿದರೆ ಅವನ ಮನೆಯಲ್ಲಿ ವಿದ್ಯೆ ಎಷ್ಟನೇ ತಲೆಮಾರಿಗೆ ಬಂದಿದೆ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಮೊದಲ ತಲೆಮಾರಿನವನು ಚಲನ್ ತುಂಬುವ ಮೊದಲೇ ಕ್ಷಮೆ ಕೇಳುತ್ತಾನೆ. ನಿವೃತ್ತಿಯ ನಂತರ ಪರಿಚಿತ ಉಪನ್ಯಾಸಕಿಯೊಬ್ಬರು ಕರೆದರೆಂದು ಸರ್ಕಾರಿ ಪದವಿ ಕಾಲೇಜೊಂದಕ್ಕೆ ಹೋಗತೊಡಗಿದೆ. ನಮ್ಮಂಥವರೇ ಇನ್ನೂ ಕೆಲವರು ಜೊತೆಗೂಡಿದರು: ನಿವೃತ್ತ ಸ್ಟಾಫ್ ನರ್ಸ್ ಒಬ್ಬರು, ಬಸ್ ಡಿಪೊದಲ್ಲಿ ಇದ್ದವರು ಒಬ್ಬರು, ಅಕ್ಕಿ ಗಿರಣಿಯ ಲೆಕ್ಕ ಬರೆಯುವವರು ಒಬ್ಬರು. ಸಂಘವಿಲ್ಲ, ನೋಂದಣಿ ಇಲ್ಲ, ಲೆಟರ್‌ಹೆಡ್ ಇಲ್ಲ. ಈ ಪತ್ರ ಆ ಅನುಭವದಿಂದ ಹುಟ್ಟಿದ್ದು.

‘ಮೆಂಟರ್ (ಮಾರ್ಗದರ್ಶಿ) ವ್ಯವಸ್ಥೆ ಕಾಲೇಜುಗಳಲ್ಲಿ ಈಗಾಗಲೇ ಇದೆಯಲ್ಲ’ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ, ಕಾಗದದ ಮೇಲೆ. ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕ ಕೇಳುತ್ತದೆ. ಕೇಳುವುದು ಒಳ್ಳೆಯದೇ. ಕೇಳಿದ್ದಕ್ಕೆ ನಾವು ಕೊಡುವ ಉತ್ತರ ಮಾತ್ರ ನೋಡುವ ಹಾಗಿದೆ. ನಾನು ಕಂಡ ಒಂದು ರಿಜಿಸ್ಟರಿನಲ್ಲಿ ಹೆಸರು, ರೋಲ್ ನಂಬರ್, ಪೋಷಕರ ಮೊಬೈಲ್, ಚರ್ಚಿಸಿದ ವಿಷಯ, ನೀಡಿದ ಸಲಹೆ, ಸಹಿ ಎಂಬ ಕಾಲಂಗಳಿದ್ದವು. ‘ನೀಡಿದ ಸಲಹೆ’ಯ ಕೆಳಗೆ ಮೊದಲ ಸಾಲಿನಲ್ಲಿ ‘ಹಾಜರಾತಿ ಸುಧಾರಿಸಿಕೊಳ್ಳಲು ತಿಳಿಸಲಾಯಿತು’ ಎಂದು ಬರೆದಿತ್ತು. ಅದರ ಕೆಳಗೆ ಪುಟ ಮುಗಿಯುವವರೆಗೂ ಅದೇ ಎಂಬ ಎರಡು ಚುಕ್ಕೆಗಳು. ಎಲ್ಲ ಸಹಿಗಳೂ ಒಂದೇ ದಿನ, ಒಂದೇ ಪೆನ್ನಿನಲ್ಲಿ ಬಿದ್ದಿದ್ದವು.

ಇದಕ್ಕಾಗಿ ಉಪನ್ಯಾಸಕರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಸೇವಾ ಭದ್ರತೆಗಾಗಿ 2023ರ ಕೊನೆಯಲ್ಲಿ ಅವರು ರಾಜ್ಯದ ಉದ್ದಗಲಕ್ಕೂ ತರಗತಿ ಬಿಟ್ಟು ಧರಣಿ ಕುಳಿತದ್ದು ನಿಮಗೂ ನೆನಪಿರಬೇಕು. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ನೇಮಕಾತಿಯ ಕೌನ್ಸೆಲಿಂಗ್ ಪಟ್ಟಿ ಕಾಯುತ್ತಿರುವವರ ಕೈಗೆ ನಲವತ್ತು, ಐವತ್ತು ಮಕ್ಕಳ ಬದುಕಿನ ದಾರಿ ತೋರಿಸುವ ಕೆಲಸವನ್ನೂ ಕೊಟ್ಟರೆ ಅವರಾದರೂ ಏನು ಮಾಡಿಯಾರು? ಅವರಿಗೇ ದಾರಿ ತೋರಿಸುವವರಿಲ್ಲ.

ಇನ್ನು ‘ನಾಯಕತ್ವ ಕಾರ್ಯಾಗಾರ’. ವರ್ಷಕ್ಕೊಮ್ಮೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಒಬ್ಬ ಭಾಷಣಕಾರರು ಬರುತ್ತಾರೆ. ಪರದೆಯ ಮೇಲೆ ಸಿಂಹ, ಹದ್ದು, ಕ್ರಿಕೆಟ್ ನಾಯಕರು ಬಂದು ಹೋಗುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮಧ್ಯಾಹ್ನ ಪಲಾವು ತಿನ್ನುತ್ತಾರೆ, ಪ್ರಮಾಣಪತ್ರ ಪಡೆಯುತ್ತಾರೆ. ಸಂಜೆಯ ಬಸ್ಸಿಗೆ ಊರು ಸೇರಿದಾಗ ಅಪ್ಪ ಕೇಳುವುದು ‘ಪದವಿ ಮುಗಿದ ಮೇಲೆ ಏನು ಮಾಡುತ್ತೀ’ ಎಂದು. ಸಿಂಹ ಅದಕ್ಕೆ ಉತ್ತರ ಹೇಳಿಕೊಟ್ಟಿರುವುದಿಲ್ಲ.

ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ನಾನು ಕೇಳುತ್ತಿರುವುದು ಏನೆಂದು ಸ್ಪಷ್ಟವಾಗಲಿ ಎಂದು.

ಯಲಬುರ್ಗಾ ಕಡೆಯ ಹಳ್ಳಿಯ ಹುಡುಗಿ, ಬಿ.ಕಾಂ. ಎರಡನೇ ವರ್ಷ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದಳು. ಗೆಳತಿಯರಿಗೆಲ್ಲ ಹಣ ಬಂತು, ಇವಳ ಖಾತೆಗೆ ಬರಲಿಲ್ಲ. ತನ್ನದು ರದ್ದಾಗಿದೆ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಮನೆಯವರು ಬೆಂಗಳೂರಿಗೆ ಗುಳೆ ಹೋಗುವ ಹೊತ್ತು. ತಾನೂ ಓದು ಬಿಟ್ಟು ಗಾರ್ಮೆಂಟ್ಸ್ ಸೇರುವುದೆಂದು ನಿಶ್ಚಯಿಸಿದ್ದಳು. ಇಷ್ಟನ್ನು ಅವಳು ಯಾವ ಉಪನ್ಯಾಸಕರಿಗೂ ಹೇಳಿರಲಿಲ್ಲ. ನನಗೂ ಮೊದಲ ಭೇಟಿಯಲ್ಲಿ ಹೇಳಲಿಲ್ಲ. ‘ಎಲ್ಲ ಆರಾಮ ಇದ್ದೇವೆ ಮೇಡಂ’ ಎಂದಳು. ಹಲವು ಭೇಟಿಗಳ ನಂತರ, ಬೇರೇನೋ ಮಾತಿನ ನಡುವೆ, ‘ಮುಂದಿನ ಸೆಮಿಸ್ಟರ್‌ಗೆ ನಾನು ಇರುವುದಿಲ್ಲ’ ಎಂಬ ಮಾತು ಹೊರಬಿತ್ತು.

ಬ್ಯಾಂಕಿನವರಿಗೆ ಇದು ಗೊತ್ತಿರುವ ರೋಗ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದು ಬೇರೆ. ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು, ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐನಲ್ಲಿ ಆಧಾರ್ ಜೋಡಣೆಯಾಗಿರುವುದು ಬೇರೆ. ಒಂದು ಆಧಾರ್ ಸಂಖ್ಯೆಗೆ ಜೋಡಣೆ ಒಂದೇ ಖಾತೆಯ ಜೊತೆ. ಕೊನೆಗೆ ಎಲ್ಲಿ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹೋಗುತ್ತದೆ. ಎಂದೋ ಊರಿಗೆ ಬಂದ ಏಜೆಂಟನೊಬ್ಬ ಬೆರಳಚ್ಚು ತೆಗೆದುಕೊಂಡು ಶೂನ್ಯ ಬಾಕಿಯ ಖಾತೆ ತೆರೆದು ಹೋಗಿದ್ದ. ಹಾಗೊಂದು ಖಾತೆ ಇದೆ ಎಂಬುದನ್ನೇ ಇವಳು ಮರೆತಿದ್ದಳು. ವಿದ್ಯಾರ್ಥಿವೇತನ ಬಂದಿತ್ತು. ಆ ಖಾತೆಯಲ್ಲಿ ಬಿದ್ದಿತ್ತು.

ನಾನೇ ಒಂದು ಫೋನ್ ಮಾಡಿದ್ದರೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮಾಡಲಿಲ್ಲ. ಅವಳ ಜೊತೆ ಬ್ಯಾಂಕಿಗೆ ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, ‘ನೀನೇ ಹೋಗಿ ಕೇಳು’ ಎಂದೆ. ಹೋದಳು, ಮರುಕ್ಷಣವೇ ಬಂದಳು: ‘ಸರ್ವರ್ ಇಲ್ಲವಂತೆ, ನಾಳೆ ಬಾ ಎಂದರು.’ ಮತ್ತೆ ಕಳಿಸಿದೆ. ‘ನಾಳೆ ಎಷ್ಟು ಗಂಟೆಗೆ ಬರಲಿ, ಯಾರನ್ನು ಕೇಳಲಿ ಎಂದು ಕೇಳಿಕೊಂಡು ಬಾ. ಅವರ ಹೆಸರು ಬರೆದುಕೋ.’ ಅವಳಿಗೆ ಅದು ಉದ್ಧಟತನ ಎನ್ನಿಸಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೂ ಹೋದಳು. ಪೆನ್ನು ಹಿಡಿದು ಹೆಸರು ಕೇಳಿದವಳನ್ನು ಕಂಡು ಗುಮಾಸ್ತರು ಒಮ್ಮೆ ತಲೆ ಎತ್ತಿ ನೋಡಿದರು. ಸರ್ವರ್ ಅಷ್ಟರಲ್ಲಿ ಬಂದಿತ್ತೋ ಏನೋ, ಕೆಲಸ ಅಂದೇ ಆಯಿತು.

ಕೆಲವು ವಾರಗಳ ನಂತರ ಅವಳು ತನ್ನ ಹಾಸ್ಟೆಲಿನ ನಾಲ್ಕಾರು ಹುಡುಗಿಯರನ್ನು ಕರೆದುಕೊಂಡು ಅದೇ ಬ್ಯಾಂಕಿಗೆ ಹೋದಳು ಎಂದು ನನಗೆ ಬೇರೆಯವರಿಂದ ತಿಳಿಯಿತು. ಅವರನ್ನು ಕೌಂಟರಿಗೆ ಕಳಿಸಿ ತಾನು ಬೆಂಚಿನ ಮೇಲೆ ಕುಳಿತಿದ್ದಳಂತೆ.

ಇದನ್ನು ನಾಯಕತ್ವ ಎನ್ನಲು ಬರುವುದಿಲ್ಲ ಎನ್ನುವವರ ಜೊತೆ ನನಗೆ ವಾದವಿಲ್ಲ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕಗಳೇ ದಾಟಿವೆ. ಆ ಚುನಾವಣೆಗಳ ಹೊಡೆದಾಟ ಕಂಡವರಿಗೆ ಅವು ನಿಂತದ್ದು ಸಮಾಧಾನವೇ. ಆದರೆ ನಾಲ್ಕು ಜನರ ಪರವಾಗಿ ಎದ್ದು ನಿಂತು ಮಾತನಾಡುವ, ಸೋತು ಮನೆಗೆ ಹೋಗುವ ಅಭ್ಯಾಸವೂ ಅವುಗಳ ಜೊತೆಗೇ ಹೋಯಿತು. ಈಗ ಉಳಿದಿರುವುದು ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರ. ಅದು ಬಹಳ ಒಳ್ಳೆಯದು, ಕೆಲವರಿಗಷ್ಟೇ ಸಿಗುತ್ತದೆ.

ಮೆಂಟರ್ ಎಂದರೆ ಓದಿದವರೇ ಆಗಬೇಕು ಎಂಬ ಹಟವೂ ಬೇಡ. ನಮ್ಮ ಗುಂಪಿನ ಗಿರಣಿಯ ಲೆಕ್ಕಿಗರು ಒಮ್ಮೆ ಕೆಲವು ಹುಡುಗರನ್ನು ಎಪಿಎಂಸಿ ಯಾರ್ಡಿಗೆ ಕರೆದೊಯ್ದರು. ಭತ್ತದ ಸುಗ್ಗಿಯ ಸಮಯ. ಸಂಜೆ ಹಮಾಲರ ಮೇಸ್ತ್ರಿ ಚೀಲಗಳ ಮೇಲೆ ಕುಳಿತು ಅಂದಿನ ಕೂಲಿ ಹಂಚುವುದನ್ನು ನೋಡುವುದಷ್ಟೇ ಕೆಲಸ. ಮೇಸ್ತ್ರಿಗೆ ಸಹಿ ಮಾಡಲು ಮಾತ್ರ ಬರುತ್ತದೆ, ಲೆಕ್ಕವೆಲ್ಲ ಬಾಯಲ್ಲಿ. ಎಷ್ಟು ಲಾರಿ, ಎಷ್ಟು ಚೀಲ, ಎಷ್ಟು ಜನ ಎಂದು ಎಲ್ಲರ ಎದುರಿಗೇ ಗಟ್ಟಿಯಾಗಿ ಹೇಳಿ ಹಂಚಿದರು. ಒಬ್ಬಾತ ಅಂದು ಒಂದು ಚೀಲವನ್ನೂ ಹೊತ್ತಿರಲಿಲ್ಲ. ಸೊಂಟ ಹಿಡಿದಿತ್ತೆಂದು ಅವನನ್ನು ಚೀಲದ ಬಾಯಿ ಹೊಲಿಯಲು ಕೂರಿಸಿದ್ದರು. ಅವನಿಗೂ ಪೂರ್ತಿ ಪಾಲು ಬಂತು. ಅರ್ಥಶಾಸ್ತ್ರ ಓದುವ ಹುಡುಗನೊಬ್ಬ ತಡೆಯಲಾರದೆ ಕೇಳಿಯೇಬಿಟ್ಟ: ‘ಹೊತ್ತವರಿಗೂ ಕೂತವರಿಗೂ ಒಂದೇ ಪಾಲು ಹೇಗೆ?’ ಮೇಸ್ತ್ರಿ ನೋಟು ಎಣಿಸುತ್ತಲೇ, ‘ನಾಳೆ ನನ್ನ ಸೊಂಟವೂ ಹಿಡಿಯುತ್ತದಲ್ಲಪ್ಪ’ ಎಂದರು. ಕೆಲಸಕ್ಕೆ ತಡವಾಗಿ ಬಂದವನನ್ನು ಏನು ಮಾಡುತ್ತೀರಿ ಎಂದು ಇನ್ನೊಬ್ಬ ಕೇಳಿದ. ‘ಅವನ ಎದುರಿಗೇ ಕಡಿತ ಮಾಡುತ್ತೇನೆ, ಅವನು ಹೋದ ಮೇಲೆ ಮಾತನಾಡುವುದಿಲ್ಲ.’ ವಾಪಸು ಬರುವಾಗ ಹುಡುಗರು ಬಸ್ಸಿನಲ್ಲಿ ಇದನ್ನೇ ಚರ್ಚಿಸುತ್ತಿದ್ದರು. ಒಬ್ಬ ಒಪ್ಪಿದ, ಒಬ್ಬ ಒಪ್ಪಲಿಲ್ಲ, ಇಬ್ಬರೂ ಜಗಳಕ್ಕೆ ಬಿದ್ದರು. ಬೆಂಗಳೂರಿನ ಭಾಷಣದ ನಂತರ ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಈ ನೆಲಕ್ಕೆ ಇದು ಹೊಸದೂ ಅಲ್ಲ. ರಾಯಚೂರಿನಲ್ಲಿ 1920ರಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರು ವೈದ್ಯರೂ ಹೌದು, ಸಂಗೀತ ಬಲ್ಲವರೂ ಹೌದು. ತುಂಗಭದ್ರಾ ದಡದ ಅವರ ಪ್ರೇಮಾಯತನ ಆಶ್ರಮಕ್ಕೆ ಜನ ಬರುತ್ತಿದ್ದದ್ದು ಔಷಧಕ್ಕಷ್ಟೇ ಅಲ್ಲ, ಅವರೊಂದಿಗೆ ಇರಲು. ಅವರು 1942ರಲ್ಲಿ ತೀರಿಕೊಂಡಾಗ ಮಗ ರಾಜೀವರಿಗೆ ಹತ್ತು ವರ್ಷ. ತಂದೆಯೇ ಮೊದಲ ಗುರು. ಮುಂದೆ ಇಂಗ್ಲಿಷ್ ಸಾಹಿತ್ಯ ಓದಿ, ಅದನ್ನು ಪಾಠ ಮಾಡಿಕೊಂಡೂ, ಸರೋದ್ ಕಲಿಯಲು ಅವರು ಉಸ್ತಾದ್ ಅಲಿ ಅಕ್ಬರ್ ಖಾನರನ್ನು ಅರಸಿಕೊಂಡು ಹೋದರು; ನಂತರ ತಾವೇ ಗುರುಗಳಾಗಿ 2024ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರ ನಡುವೆ ಇದ್ದರು. ಬಳ್ಳಾರಿಯ ವಕೀಲ, ನಟ ರಾಘವರಿಗೆ ರಂಗದ ಹುಚ್ಚು ಹಿಡಿಸಿದವರು ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು. ಇವರೂ ವಕೀಲರೇ, ನಾಟಕಕಾರರೇ. ರಾಯಚೂರಿನ ಕವಿ ಶಾಂತರಸರ ಮಾತು ಬಂದರೆ ಅಲ್ಲಿನ ಎಷ್ಟು ಕವಿಗಳು ತಮ್ಮ ಮೊದಲ ಪದ್ಯವನ್ನು ಅವರಿಗೆ ತೋರಿಸಿದ್ದನ್ನು ನೆನೆಯುತ್ತಾರೆ! ಆದರೆ ಇಲ್ಲಿ ಒಂದು ತೊಡಕಿದೆ. ರಾಘವರಿಗೆ ಸೋದರಮಾವ ಮನೆಯಲ್ಲೇ ಸಿಕ್ಕರು, ರಾಜೀವರಿಗೆ ತಂದೆಯೇ ಸಿಕ್ಕರು. ನಮ್ಮ ಯಲಬುರ್ಗಾದ ಹುಡುಗಿಗೆ, ದೇವದುರ್ಗದ ಹುಡುಗನಿಗೆ ಮನೆಯಲ್ಲಿ ಅಂಥವರು ಸಿಗುವುದಿಲ್ಲ. ಅದೃಷ್ಟಕ್ಕೆ ಬಿಟ್ಟದ್ದನ್ನು ವ್ಯವಸ್ಥೆಯ ಮೂಲಕ ತಲುಪಿಸಿ ಎಂಬುದೇ ನನ್ನ ಬೇಡಿಕೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯಿಂದ ನಮ್ಮ ಮಕ್ಕಳಿಗೆ ಸೀಟು ಬಂತು, ಹುದ್ದೆಗಳಲ್ಲಿ ಪಾಲು ಬಂತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಖರ್ಚು ಉಳಿಯಿತು. ಊಟ, ವಸತಿಗೆ ನೆರವು ನೀಡುವ ವಿದ್ಯಾಸಿರಿ ಇದೆ, ಸರ್ಕಾರಿ ಹಾಸ್ಟೆಲ್‌ಗಳಿವೆ, ಕೊಪ್ಪಳದ ಗವಿಮಠದಂಥ ಮಠಗಳ ಪ್ರಸಾದ ನಿಲಯಗಳಿವೆ. ಅನ್ನ, ವಸತಿ, ಸೀಟು ಇಷ್ಟರ ಮಟ್ಟಿಗೆ ದಾರಿಗಳು ತೆರೆದಿವೆ. 371ಜೆ ಅರ್ಹತಾ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಗೆ ಯಾವ ದಾಖಲೆಗಳೊಂದಿಗೆ, ಯಾವ ತಿಂಗಳಲ್ಲಿ ಹೋಗಬೇಕು ಎಂದು ತಿಳಿಯದೆ ಹುದ್ದೆಯ ಅರ್ಜಿಯ ಕೊನೆಯ ದಿನ ಕಳೆದುಕೊಂಡವರನ್ನು ಮಾತ್ರ ನಾನು ಈಗಲೂ ನೋಡುತ್ತಿದ್ದೇನೆ.

ಬೇರೆಡೆಯ ಅನುಭವದಿಂದ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಅಮೆರಿಕದಲ್ಲಿ 1904ರ ಸುಮಾರಿಗೆ ನ್ಯೂಯಾರ್ಕ್ ನ್ಯಾಯಾಲಯದ ಗುಮಾಸ್ತರೊಬ್ಬರ ಒತ್ತಾಸೆಯಿಂದ, ದಾರಿ ತಪ್ಪಿದ ಮಕ್ಕಳಿಗೆ ಒಬ್ಬೊಬ್ಬ ಹಿರಿಯರನ್ನು ಜೋಡಿಸುವ ಕೆಲಸ ಶುರುವಾಯಿತು. ಅದೇ ಬೆಳೆದು ಇಂದಿಗೂ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಸಂಸ್ಥೆಯಾಗಿ ನಡೆದಿದೆ. ಆ ಮಕ್ಕಳ ಬಗ್ಗೆ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕಿಯರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಿಮ್ಮ ಅಧಿಕಾರಿಗಳು ಓದಬೇಕು. ಒಂದು ವರ್ಷ ಮೀರಿ ಮುಂದುವರಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಸಿದಿತ್ತು. ಅವರು ಹತ್ತರಿಂದ ಹದಿನಾರು ವರ್ಷದ ಮಕ್ಕಳು, ನಮ್ಮವರು ಹದಿನೆಂಟು ದಾಟಿದವರು. ಹಾಗಾಗಿ ಅದನ್ನು ಇಲ್ಲಿಗೆ ಅಕ್ಷರಶಃ ಅನ್ವಯಿಸುವುದು ಸರಿಯಲ್ಲ. ಆದರೂ ಅದರ ಪೆಟ್ಟು ನಾನು ಕಣ್ಣಾರೆ ಕಂಡದ್ದೇ. ಎರಡು ಸಲ ಬಂದು ಫೋಟೊ ತೆಗೆಸಿಕೊಂಡು ಮಾಯವಾದ ಹಿರಿಯರಿಗಿಂತ ಬಾರದ ಹಿರಿಯರೇ ವಾಸಿ. ತನ್ನ ಮೇಲೆ ಅವರಿಗೆ ಬೇಸರ ಬಂದಿರಬೇಕು ಎಂದುಕೊಳ್ಳುತ್ತದೆ ಮಗು. ಪದವಿ ವಿದ್ಯಾರ್ಥಿಗಳ ಬಗ್ಗೆಯೇ ಬೇಕೆಂದರೆ, ಅಮೆರಿಕದಲ್ಲಿ ಸಮೀಕ್ಷಾ ಸಂಸ್ಥೆ ಗ್ಯಾಲಪ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ 2014ರಲ್ಲಿ 30,000ಕ್ಕೂ ಹೆಚ್ಚು ಪದವೀಧರರನ್ನು ಕೇಳಿದಾಗ, ತಮ್ಮ ಗುರಿ ಕನಸುಗಳನ್ನು ಪ್ರೋತ್ಸಾಹಿಸಿದ ಒಬ್ಬ ಮೆಂಟರ್ ಇದ್ದರು ಎಂದು ಖಚಿತವಾಗಿ ಹೇಳಿದವರು ಶೇ 22 ಮಾತ್ರ. ದುಡ್ಡಿರುವ ದೇಶದ ಗತಿಯೇ ಹೀಗೆ.

ಆದ್ದರಿಂದ ಲಕ್ಷ ವಿದ್ಯಾರ್ಥಿಗಳಿಗೆ ಲಕ್ಷ ಮೆಂಟರ್ ಎಂಬ ಘೋಷಣೆ ದಯವಿಟ್ಟು ಬೇಡ. ಮೂರು ಜಿಲ್ಲೆಗಳಿಂದ ಒಂದೊಂದು ಸರ್ಕಾರಿ ಕಾಲೇಜು ಆರಿಸಿಕೊಳ್ಳಿ, ಜಿಲ್ಲಾ ಕೇಂದ್ರದ್ದು ಬೇಡ, ತಾಲ್ಲೂಕಿನದಾಗಲಿ. ಎರಡು ವರ್ಷ ನಡೆಸಿ ನೋಡಿ. ಒಬ್ಬ ಹಿರಿಯರಿಗೆ ಮೂರೋ ನಾಲ್ಕೋ ವಿದ್ಯಾರ್ಥಿಗಳು, ಹದಿನೈದು ದಿನಕ್ಕೊಮ್ಮೆ ಭೇಟಿ. ಹಿರಿಯರಿಗೆ ಸಂಬಳ ಬೇಡ. ಸಂಬಳ ಇಟ್ಟ ದಿನ ಶಿಫಾರಸು ಪತ್ರಗಳು ಬರತೊಡಗುತ್ತವೆ. ಬಸ್ ಖರ್ಚು ಕೊಡಿ, ಸಾಕು. ಹಣ ಬೇಕಾಗಿರುವುದು ಪ್ರತಿ ಕಾಲೇಜಿಗೆ ಒಬ್ಬ ಪೂರ್ಣಾವಧಿ ಸಂಯೋಜಕರಿಗೆ. ಯಾರು ಯಾರನ್ನು ಭೇಟಿಯಾದರು, ಯಾರು ಎರಡು ಸಲ ತಪ್ಪಿಸಿದರು, ಯಾವ ಜೋಡಿ ಹೊಂದುತ್ತಿಲ್ಲ ಎಂದು ಬೆನ್ನು ಹತ್ತಿ ನೋಡುವ ಕೆಲಸ ಅವರದು. ಈ ಹೊರೆಯನ್ನು ಮತ್ತೆ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿದರೆ ಮತ್ತೊಂದು ರಿಜಿಸ್ಟರ್ ಹುಟ್ಟುತ್ತದೆ, ಅಷ್ಟೇ. ಒಂದು ಶಂಕುಸ್ಥಾಪನೆಯ ಶಾಮಿಯಾನ, ಫ್ಲೆಕ್ಸು, ಶಾಲು, ಹಾರದ ಖರ್ಚು ಉಳಿಸಿದರೂ ಸಂಯೋಜಕರ ಕೆಲವು ತಿಂಗಳ ಸಂಬಳ ಹೊರಡುತ್ತದೆ.

ಅಪಾಯಗಳೂ ಇವೆ, ಮುಚ್ಚಿಡುವುದಿಲ್ಲ. ಹೆಣ್ಣುಮಕ್ಕಳ ತಂದೆತಾಯಿಯರು ‘ಅವರು ಯಾರು, ನಮ್ಮ ಮಗಳನ್ನು ಏಕೆ ಕರೆಯುತ್ತಾರೆ’ ಎಂದು ಕೇಳುತ್ತಾರೆ. ಕೇಳಬೇಕು. ಭೇಟಿಗಳೆಲ್ಲ ಕಾಲೇಜಿನ ಗ್ರಂಥಾಲಯದಲ್ಲೋ ಹತ್ತು ಜನ ಓಡಾಡುವ ಜಾಗದಲ್ಲೋ ಆಗಲಿ, ಪೊಲೀಸ್ ಪರಿಶೀಲನೆ ಆಗಲಿ, ಹುಡುಗಿಯರಿಗೆ ಮೊದಲ ಆಯ್ಕೆಯಾಗಿ ಮಹಿಳೆಯರೇ ಸಿಗಲಿ. ನಿವೃತ್ತ ನರ್ಸ್, ಶಿಕ್ಷಕಿಯರು, ಅಂಗನವಾಡಿ ಮೇಲ್ವಿಚಾರಕಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಯಾರೂ ಏನೂ ಕೇಳಿಲ್ಲ, ಅಷ್ಟೇ. ಇದಕ್ಕಿಂತ ದೊಡ್ಡ ಭಯ ನನಗೆ ಜಾತಿಯದು. ಬಿಟ್ಟುಬಿಟ್ಟರೆ ಪ್ರತಿ ಹಿರಿಯರೂ ತಮ್ಮವರ ಮಕ್ಕಳನ್ನೇ ಆರಿಸಿಕೊಳ್ಳುತ್ತಾರೆ. ಪ್ರತಿ ತಂದೆಯೂ ತನ್ನವರನ್ನೇ ಕೇಳುತ್ತಾನೆ. ಜೋಡಿ ಹಾಕುವುದು ಚೀಟಿ ಎತ್ತುವ ಮೂಲಕ ಆಗಲಿ, ಹೊಂದದಿದ್ದರೆ ಬದಲಿಸಲು ವಿದ್ಯಾರ್ಥಿಗೆ ಹಕ್ಕಿರಲಿ. ಜಿಲ್ಲಾ ಪಂಚಾಯಿತಿ, ನಗರಸಭೆ ಚುನಾವಣೆಗೆ ತಯಾರಿ ನಡೆಸಿರುವ ಯುವ ಮುಖಂಡರನ್ನು, ಕೋಚಿಂಗ್ ಕೇಂದ್ರದ ಮಾಲೀಕರನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿ. ಮೊದಲಿನವರಿಗೆ ಬೈಕ್ ರ‍್ಯಾಲಿಗೆ ಹುಡುಗರು ಬೇಕು, ಎರಡನೆಯವರಿಗೆ ಶುಲ್ಕ ಬೇಕು.

ಫಲಿತಾಂಶ ತೋರಿಸಿ ಎಂದು ನಿಮ್ಮ ಲೆಕ್ಕಪರಿಶೋಧಕರು ಕೇಳುತ್ತಾರೆ. ಎಷ್ಟು ಜನರಿಗೆ ಉದ್ಯೋಗ ಸಿಕ್ಕಿತು ಎಂಬ ಲೆಕ್ಕವನ್ನು ಎರಡು ವರ್ಷದಲ್ಲಿ ಕೇಳಬೇಡಿ; ಸುಳ್ಳು ಅಂಕಿ ಬರುತ್ತದೆ. ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಎರಡನೇ ವರ್ಷದ ಪರೀಕ್ಷೆಗೆ ಕುಳಿತರು, ಎಷ್ಟು ಜೋಡಿಗಳು ವರ್ಷ ಪೂರೈಸಿದವು, ಬಿಟ್ಟುಹೋದವರು ಏಕೆ ಬಿಟ್ಟುಹೋದರು, ಈ ಮೂರನ್ನು ಕೇಳಿ. ಹಾಜರಾತಿ ಪುಸ್ತಕದಲ್ಲೂ ಸಂಯೋಜಕರ ಬಳಿಯೂ ಉತ್ತರ ಸಿಗುತ್ತದೆ.

ನಮ್ಮ ಗುಂಪಿನ ಬಳಿ ಕೊಪ್ಪಳ ಮತ್ತು ಗಂಗಾವತಿ ಕಡೆಯ, ಈ ಕೆಲಸಕ್ಕೆ ಒಪ್ಪಿರುವ ಹಿರಿಯರ ಪಟ್ಟಿಯೊಂದಿದೆ. ಸಿಂಧನೂರು ಮತ್ತು ಸಿರುಗುಪ್ಪದಲ್ಲಿ ಪರಿಚಿತರು ಅಂಥದ್ದೇ ಪಟ್ಟಿ ಮಾಡುತ್ತಿದ್ದಾರೆ. ಪ್ರಾಂಶುಪಾಲರು ಒಪ್ಪಿದರೂ, ಹೊರಗಿನವರನ್ನು ಕ್ಯಾಂಪಸ್ಸಿಗೆ ನಿಯಮಿತವಾಗಿ ಬಿಡಲು ಮೇಲಿನಿಂದ ಒಂದು ಆದೇಶ ಬೇಕು ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಕಾಲೇಜು ಶಿಕ್ಷಣ ಇಲಾಖೆಯ ಜೊತೆ ಮಾತನಾಡಿ ಆ ಆದೇಶವನ್ನು ಹೊರಡಿಸುವುದು ಮತ್ತು ಮುಂದಿನ ಕ್ರಿಯಾ ಯೋಜನೆಯಲ್ಲಿ ಮೂವರು ಸಂಯೋಜಕರ ವೇತನಕ್ಕೆ ಒಂದು ಸಾಲು ಸೇರಿಸುವುದು, ಈ ಎರಡು ಕೆಲಸಗಳು ಪ್ರವೇಶಾತಿ ಆರಂಭವಾಗುವ ಮೊದಲು ಆದರೆ ಮೊದಲ ವರ್ಷದ ಮಕ್ಕಳಿಂದಲೇ ಶುರು ಮಾಡಬಹುದು. ಪತ್ರದ ಪ್ರತಿಗಳನ್ನು ಮೂರೂ ಜಿಲ್ಲಾಧಿಕಾರಿಗಳ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಉತ್ತರವನ್ನು ನನಗೆ ಬರೆಯುವುದಕ್ಕಿಂತ ಪ್ರಾಂಶುಪಾಲರಿಗೆ ಬರೆದರೆ ಕೆಲಸ ಬೇಗ ಆಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಗ್ರಾಮೀಣ ಬ್ಯಾಂಕ್ ಅಧಿಕಾರಿ, ಕೊಪ್ಪಳ